ದೇವೀರತ್ತೆಯ ‘ಹಂಗೆ’

ಹೋದ ತಿಂಗಳು ಹಲ್ಲುನೋವೆಂದು ಡಾಕ್ಟರ ಹತ್ತಿರ ಹೋಗಿದ್ದೆ. ಡಾಕ್ಟರೆಂದರೆ ನನ್ನ ಹಳೆಯ ಶಿಷ್ಯರ ವಯಸ್ಸಿನ ಹುಡುಗ. ಬಾಯಿ ತೆರೆಸಿ, ಒಳಗೆ ಬೆಳಕು ಬಿಟ್ಟು, ಬಲು ಮರ್ಯಾದೆಯಿಂದ ಕೇಳಿದ: “ನೋವು ಹೇಗೆ ಬರುತ್ತೆ ಮೇಡಂ? ಸೂಜಿ ಚುಚ್ಚಿದ ಹಾಗಾ, ಒಳಗಿಂದ ಎಳೆದ ಹಾಗಾ, ಸುತ್ತಿಗೇಲಿ ಬಡಿದ ಹಾಗಾ?” ನನಗೆ ಉತ್ತರ ಹೊರಡಲಿಲ್ಲ. ಅವನ ಪುಟ್ಟ ಕನ್ನಡಿಯೂ ಎರಡು ಬೆರಳೂ ನನ್ನ ಬಾಯೊಳಗಿದ್ದವು ಎಂಬುದು ಒಂದು ಕಾರಣ. ಅವನು ಅವನ್ನು ಹೊರಗೆ ತೆಗೆದ ಮೇಲೂ ನಾನು ಸುಮ್ಮನೇ ಕೂತಿದ್ದೆ. ಕೊನೆಗೆ, “ಒಂಥರಾ ಆಗುತ್ತೆ” ಅಂದೆ. ಅವನು ಹಲ್ಲು ಕಿತ್ತು ಕಳಿಸಿದ.

ಜೀವಮಾನವೆಲ್ಲ ಹೈಸ್ಕೂಲು ಮಕ್ಕಳಿಗೆ ಉಪಮಾಲಂಕಾರ ಕಲಿಸಿದವಳ ಬಾಯಿಂದ ಬಂದದ್ದು ಇಷ್ಟೇ. ಆದರೆ ಮೈಸೂರಿನವರಿಗೆ ಈ ‘ಒಂಥರಾ’ ಎಂಥ ಆಸರೆಯೆಂಬುದು ನಿಮಗೂ ಗೊತ್ತಿದೆ. ಬೆಳಗ್ಗೆ ಕಾಫಿ ತಪ್ಪಿದರೂ ಒಂಥರಾ, ಮದುವೆ ಮನೆಯಲ್ಲಿ ಎರಡು ಹೋಳಿಗೆ ಹೆಚ್ಚಾದರೂ ಒಂಥರಾ, ಸಾವಿನ ಮನೆಯಿಂದ ಬಂದು ಸ್ನಾನ ಮಾಡಿ ಕೂತಾಗಲೂ ಒಂಥರಾ. ಯಾವ ತರ ಎಂದು ಯಾರೂ ಕೇಳುವುದಿಲ್ಲ. ಮೈಗೆ ಬರುವ ನೋವಿಗಾದರೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಹಲ್ಲು ಜುಮ್ಮೆನ್ನುತ್ತದೆ, ತಲೆ ಸಿಡಿಯುತ್ತದೆ, ಕಾಲು ಸೆಳೆಯುತ್ತದೆ, ಗಾಯ ಚುರುಚುರು ಎನ್ನುತ್ತದೆ, ಹೊಟ್ಟೆ ಮುರಿಯುತ್ತದೆ. ಮನಸ್ಸಿನದಕ್ಕೆ ಬಂದರೆ ‘ಬೇಜಾರು’ ಎಂಬುದೊಂದೇ. ಸಿನಿಮಾಕ್ಕೆ ಟಿಕೆಟ್ ಸಿಗದಿದ್ದರೂ ಬೇಜಾರು, ಗಂಡ ತೀರಿಕೊಂಡರೂ ಬೇಜಾರು. ಅದಕ್ಕಿಂತ ಹೆಚ್ಚಿನದೇನಾದರೂ ಹೇಳಬೇಕೆಂದಿದ್ದರೆ ‘ಹಾಗೆ’ ಎಂಬ ಮಾತಿನ ಬೆನ್ನು ಹತ್ತಬೇಕು. ಅದು ಹಾಗೆ, ಇದು ಹೀಗೆ, ಇನ್ನೇನೋ ಆದ ಹಾಗೆ.

ಆ ಮಾತನ್ನು ದೇವೀರತ್ತೆಯ ಹಾಗೆ ಆಡಿದವರನ್ನು ನಾನು ಕಂಡಿಲ್ಲ. ಅವರ ಬಾಯಲ್ಲಿ ಅದು ‘ಹಂಗೆ’.

ದೇವೀರಮ್ಮ ನನ್ನ ತಾಯಿಯ ತಮ್ಮನ ಹೆಂಡತಿ. ಐವತ್ತರ ದಶಕದ ನಡುವೆ ನಾನು ಇಂಟರ್‌ಮೀಡಿಯೆಟ್ ಓದಲು ಮೈಸೂರಿಗೆ ಬಂದದ್ದು ಅವರ ಮನೆಗೆ. ನಮ್ಮದು ತಿರುಮಕೂಡಲು ಕಡೆಯ ಬೇಸಾಯದ ಮನೆ. ಹೆಣ್ಣುಮಗಳು ಹೊಲದ ಬದು ದಾಟಿ ಕಾಲೇಜಿಗೆ ಹೋಗುವುದೆಂದರೆ ಊರೆಲ್ಲ ಕೂತು ಮಾತಾಡುವ ಸಂಗತಿ. ಮಾವ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದರಿಂದ, “ಅವನ ಕಣ್ಣ ಮುಂದಿರ್ತಾಳೆ ಬಿಡು” ಎಂದು ಅಪ್ಪ ಒಪ್ಪಿದರು. ಮಾವ ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದರು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಸಂಜೆಯಾದರೆ ಪಕ್ಕದ ಸೈಟಿನಲ್ಲಿ ದನ ಮಲಗುತ್ತಿದ್ದವು. ಹಿತ್ತಲಿನಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಅಲ್ಲಿ ದೀಪ ಹತ್ತಿದ್ದು ನೋಡಿ ಅತ್ತೆ ಇಲ್ಲಿ ಒಲೆ ಹಚ್ಚುತ್ತಿದ್ದರು. ಮುಂದಿನ ಭಾಗದಲ್ಲಿ ಮನೆಯ ಯಜಮಾನಿ ಇದ್ದರು. ನಾವೆಲ್ಲ ಅವರನ್ನು ‘ಮುಂದಿನ ಮನೆಯಮ್ಮ’ ಅನ್ನುತ್ತಿದ್ದೆವು.

ಮಾವನ ಹತ್ತಿರ ಸಂಜೆ ಕೆಲವು ಹುಡುಗರು ಮನೆಪಾಠಕ್ಕೆ ಬರುತ್ತಿದ್ದರು. ಜಗುಲಿಯ ಮೇಲೆ ಚಾಪೆ ಹಾಸಿ ಅಲಂಕಾರ ಹೇಳಿಕೊಡುವರು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಬಿಟ್ಟುಹೋದರೆ ಲುಪ್ತೋಪಮೆ. ಒಂದು ದಿನ ಅವರು “ಆಕೆಯ ಮುಖ ಚಂದ್ರನಂತೆ ಇದೆ” ಎಂದು ಉದಾಹರಣೆ ಕೊಟ್ಟಾಗ ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಅತ್ತೆ, “ಚಂದ್ರನ ಮೊಕದ ತುಂಬ ಸಿಡುಬಿನ ಕಲೆ ಅಲ್ವೇನ್ರೀ? ಯಾವ ಹೆಣ್ಣಿಗೆ ಹಂಗಂದ್ರಿ, ಪಾಪ?” ಎಂದು ಕೇಳಿದರು. ಹುಡುಗರು ನಕ್ಕರು. ಮಾವನೂ ನಕ್ಕರು. ಅತ್ತೆ ಓದಿದ್ದು ಊರ ಪ್ರೈಮರಿ ಸ್ಕೂಲಿನಷ್ಟೇ. “ಇವಳು ಓದಿದ್ದಿದ್ದರೆ ನಾನು ಇವಳ ಹತ್ತಿರ ಮನೆಪಾಠಕ್ಕೆ ಬರಬೇಕಾಗ್ತಿತ್ತು” ಎಂದು ಮಾವ ಬಂದವರೆದುರೆಲ್ಲ ಹೇಳುವರು. ಹೇಳುವಾಗ ಅವರ ಮುಖ ನೋಡಬೇಕಿತ್ತು. ಹೆಂಡತಿಯನ್ನು ಅಷ್ಟು ಬಹಿರಂಗವಾಗಿ ಮೆಚ್ಚುವ ಗಂಡಸನ್ನು ನಾನು ಆವರೆಗೆ ಕಂಡಿರಲಿಲ್ಲ.

ನನಗೂ ಅತ್ತೆಯಿಂದ ಸಲ್ಲಬೇಕಾದ್ದು ಸಂದಿತು. ಕಾಲೇಜಿನ ಮೊದಲ ದಿನ ಸೀರೆ ಉಟ್ಟು ನಿಂತರೆ, “ಹೊಲದಲ್ಲಿ ಬೆದರುಬೊಂಬೆಗೆ ಉಡಿಸ್ದಂಗದೆ ಕಣೆ ಶಾಂತಾ, ಒಸಿ ಮೈ ಬುಟ್ಟು ನಿಂತ್ಕೊ” ಅಂದರು. ನಾನು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದಿದರೆ, “ಬಿಸಿ ಗೆಣಸ ಬಾಯಿಗೆ ಹಾಕ್ಕಂಡು ಉಗುಳಂಗೂ ಇಲ್ಲ ನುಂಗಂಗೂ ಇಲ್ಲ, ಹಂಗೆ ಓದ್ತೀಯಲ್ಲವ್ವ” ಅನ್ನುವರು. ಮುಂದಿನ ಮನೆಯಮ್ಮನ ದನಿ ತಗಡಿನ ಮೇಲೆ ಹುರುಳಿ ಸುರಿದ ಹಂಗೆ. ಭಾನುವಾರ ಕ್ಷೌರ ಮಾಡಿಸಿಕೊಂಡು ಬಂದ ಮಾವ ಸುಲಿದ ಬೆಳ್ಳುಳ್ಳಿ ಹಂಗೆ. ಮಧ್ಯಾಹ್ನ ಬೀದಿಯ ಹೆಂಗಸರು ಅಕ್ಕಿ ಆರಿಸುವ ನೆವದಲ್ಲಿ ಮೊರ ಹಿಡಿದು ನಮ್ಮ ಹಿತ್ತಲಿಗೇ ಬರುತ್ತಿದ್ದರು. ಬಂದವರಿಗೆ ತಮ್ಮ ಬಗ್ಗೆ ಅತ್ತೆ ಏನಂದಾರೋ ಎಂಬ ಭಯವಿತ್ತು. ಪಕ್ಕದವಳ ಬಗ್ಗೆ ಏನಂದಾರು ಎಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಮದುವೆಯಾಗಿ ಬಹಳ ವರ್ಷ ಅವರಿಗೆ ಮಕ್ಕಳಿರಲಿಲ್ಲ. ನಾನು ಬಂದ ಮರುವರ್ಷ ದಸರೆಯ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ತಲೆತುಂಬ ಕೂದಲಿದ್ದ, ಕೆಂಪಗೆ ದುಂಡಗಿದ್ದ ಮಗು. ಅತ್ತೆಗೆ ತಾಯಿ ಇರಲಿಲ್ಲವಾಗಿ ಬಾಣಂತನಕ್ಕೆ ನಮ್ಮಜ್ಜಿ, ಅಂದರೆ ಮಾವನ ತಾಯಿ, ಊರಿಂದ ಬಂದರು. ಅಜ್ಜಿ ಬಲು ಒಳ್ಳೆಯವರು, ಸೊಸೆಯನ್ನು ‘ಕೂಸೇ’ ಎಂದು ಕರೆಯುತ್ತಿದ್ದವರು. ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹುಯ್ದು, ಸಾಂಬ್ರಾಣಿ ಹಾಕಿ, ಬೆಳ್ಳುಳ್ಳಿ ಮೆಣಸಿನ ಸಾರನ್ನ ಕಲಸಿಕೊಟ್ಟು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮಾವ ಸ್ಕೂಲಿನಿಂದ ಓಡೋಡಿ ಬಂದು ಮಗುವಿನ ಪಕ್ಕ ಕೂತುಬಿಡುವರು. ಮನೆಯಲ್ಲಿ ಎಲ್ಲರಿಗೂ ಹಬ್ಬ. ಅತ್ತೆ ಮಾತ್ರ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರು. ಹಾಲು ಕೊಡು ಎಂದರೆ ಎದ್ದು ಕೊಡುವರು, ಮಲಗು ಎಂದರೆ ಮಲಗುವರು. ಹೆರಿಗೆಯ ಆಯಾಸ ಎಂದು ಎಲ್ಲರೂ ತಿಳಿದೆವು.

ಹೆಸರಿಡುವ ದಿನ ಬೀದಿಯ ಹೆಂಗಸರೆಲ್ಲ ಬಂದರು. ಮಗುವಿಗೆ ಗೌರಿ ಎಂದು ಕರೆದಾಯಿತು. ಅತ್ತೆ ತೊಟ್ಟಿಲ ಪಕ್ಕ ಹಸಿರು ಸೀರೆ ಉಟ್ಟು ಕೂತಿದ್ದರು. ಅತ್ತೆ ಮಾತಾಡದೆ ಬಹಳ ದಿನವಾಗಿತ್ತಲ್ಲ, ಎಲ್ಲರಿಗೂ ಕಿವಿ ಹಸಿದಿತ್ತು. ಮುಂದಿನ ಮನೆಯಮ್ಮನೇ ಕೆಣಕಿದರು. “ಇಷ್ಟು ವರ್ಷದ ಮೇಲೆ ತಾಯಿ ಆದೆ. ಹೇಗನ್ನಿಸುತ್ತೆ, ಹೇಳು ದೇವೀರಿ.”

ಮಾತು ಬರುವ ಮುಂಚೆ ಯಾವಾಗಲೂ ಹೋಗುವಂತೆ ಅತ್ತೆಯ ಕಣ್ಣು ಎಲ್ಲೋ ದೂರಕ್ಕೆ ಹೋಯಿತು. ನಿಧಾನವಾಗಿ ಹೇಳಿದರು.

“ಹೆಂಗೆ ಅಂದ್ರೆ ಕಣ್ರೀ, ಬಸ್ಸಲ್ಲಿ ಹೋಯ್ತಿರ್ತೀವಲ್ಲ. ಪಕ್ಕದಲ್ಲಿ ಯಾರೋ ಹೆಂಗಸು, ಒಸಿ ಹಿಡ್ಕೊಳವ್ವ ಈಗ ಬಂದೆ ಅಂತ ಮಗ ಕೊಟ್ಟು ಇಳಿದೋಯ್ತಾಳೆ. ಬಸ್ಸು ಹೊಂಟೋಯ್ತದೆ. ನಾನು ಹಿಡ್ಕಂಡು ಕುಂತಿವ್ನಿ. ಅವಳು ಬರಾಕಿಲ್ಲ, ನಾನು ಇಳಿಯಂಗಿಲ್ಲ. ಹಂಗೆ.”

ಆಮೇಲೆ ಮುಂದಿನ ಮನೆಯಮ್ಮ ಪಕ್ಕೆ ಹಿಡಿದುಕೊಂಡು ನಗಲು ಶುರುಮಾಡಿದರು, ಅವರ ಹಿಂದೆ ಎಲ್ಲರೂ. “ಅಯ್ಯೋ ಇವಳ ಬಾಯಿಗಿಷ್ಟು” ಎಂದು ಯಾರೋ ಕಣ್ಣೊರೆಸಿಕೊಂಡರು. ನಾನು ತಾಂಬೂಲದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದರು, ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಹುಡುಕುವವರಂತೆ. ಕೊನೆಗೆ, ಎಲ್ಲರೂ ನಗುತ್ತಿದ್ದಾರಲ್ಲ ಎಂದು, ತಾವೂ ಸ್ವಲ್ಪ ನಕ್ಕರು. ಜಗುಲಿಯಲ್ಲಿದ್ದ ಮಾವ ಸ್ನೇಹಿತರಿಗೆ ಅದನ್ನು ಇನ್ನೊಮ್ಮೆ ಒಪ್ಪಿಸಿದರು. ಮಾರನೆಯ ದಿನದಿಂದ ಬೀದಿಯಲ್ಲಿ ಗೌರಿಯನ್ನು ಗೌರಿ ಎಂದವರಿಲ್ಲ. “ಬಸ್ಸಿನ ಮಗು ಎದ್ದಿದೆಯಾ?” “ಬಸ್ಸಿನ ಮಗೂಗೆ ಜ್ವರ ಬಿಟ್ಟಿತಾ?”

ಆಮೇಲಿನ ದಿನಗಳಲ್ಲಿ ಅತ್ತೆ ಮತ್ತೆ ಮತ್ತೆ ಹೇಳಲು ನೋಡಿದರು. ಮಾವನಿಗೆ ಒಂದು ಮಧ್ಯಾಹ್ನ ಹೀಗೆ ಹೇಳಿದ್ದು ನನಗೆ ನೆನಪಿದೆ: “ಎದೆ ಮೇಲೆ ಒರಳುಕಲ್ಲು ಇಟ್ಟಂಗಲ್ಲ ಕಣ್ರೀ, ಹಂಗಾದ್ರೆ ಎತ್ತಿ ಪಕ್ಕಕ್ಕೆ ಹಾಕ್ಬೋದು. ಒಳಗೇನೋ ಇತ್ತಲ್ಲ, ಅದ ಕೊಯ್ಕಂಡು ಹೋಗ್ಬುಟ್ಟವ್ರೆ. ಬರೀ ಕೂಳೆ ನಿಂತದೆ. ಕಾಲಿಟ್ಟ ಕಡೆ ಚುಚ್ತದೆ.” ಮಾವ ಓದುತ್ತಿದ್ದ ಪುಸ್ತಕ ಕೆಳಗಿಟ್ಟರು. ಅವರ ಕಣ್ಣು ಹೊಳೆಯುತ್ತಿತ್ತು. “ಒಂದು ಉಪಮಾನ ತಂದು, ಅದನ್ನ ನೀನೇ ತಳ್ಳಿಹಾಕಿ, ಇನ್ನೊಂದನ್ನ ತಂದೆಯಲ್ಲ. ಕೊಯ್ದ ಹೊಲದ ಕೂಳೆ. ಎಷ್ಟು ಚೆಂದ ಇದೆ ಗೊತ್ತೇನೇ ಅದು?” ಅತ್ತೆ ಅವರನ್ನೇ ನೋಡಿ ಒಳಗೆ ಹೋದರು.

ಮಾವನನ್ನು ನೀವು ಕಲ್ಲೆದೆಯವರೆಂದು ತಿಳಿಯಬಾರದು. ಮದುವೆಯಾದಾಗಿನಿಂದ ಅವರು ಹೆಂಡತಿಯನ್ನು ಪ್ರೀತಿಸಿದ್ದು ಈ ದಾರಿಯಲ್ಲೇ. ಆಕೆ ಒಂದು ಮಾತಾಡಬೇಕು, ಇವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಸಂತೋಷಪಡಬೇಕು. ಬೇರೆ ದಾರಿ ಅವರಿಗೆ ತಿಳಿದಿರಲಿಲ್ಲ. ನಾನು ಧೈರ್ಯ ಮಾಡಿ, “ಮಾವ, ಅತ್ತೆ ತಮಾಷೆಗೆ ಹೇಳ್ತಿಲ್ಲ ಅನ್ನಿಸುತ್ತೆ” ಅಂದೆ. ಅವರು, “ನನಗೆ ತಿಳಿಯಲ್ವೇನಮ್ಮ. ಬಾಣಂತಿ ಮೈ, ನಿಶ್ಶಕ್ತಿ. ನಾಳೆ ಡಾಕ್ಟರಿಗೆ ತೋರಿಸೋಣ” ಅಂದರು.

ಡಾಕ್ಟರ ಹತ್ತಿರ ನಾನೇ ಜೊತೆಗೆ ಹೋದೆ. ವಯಸ್ಸಾದ ಹೆಂಗಸು, ಕೆಟ್ಟವರಲ್ಲ, ಆದರೆ ಹೊರಗೆ ಬೆಂಚಿನ ತುಂಬ ಬಸುರಿಯರು ಕಾಯುತ್ತಿದ್ದರು. ಏನಾಗುತ್ತೆ ಎಂದು ಕೇಳಿದರು. ಅತ್ತೆ ಮುಂದಕ್ಕೆ ಬಾಗಿ, ಬಹಳ ಮುಖ್ಯವಾದ್ದನ್ನು ಒಪ್ಪಿಸುವವರಂತೆ, “ನೀರೊಳಗೆ ಮುಳುಗಿ ಕುಂತ್ರೆ ಮ್ಯಾಲಿನೋರು ಮಾತಾಡದು ಕೇಳ್ತದಲ್ಲ ಡಾಕ್ಟ್ರಮ್ಮ, ಕೇಳ್ತದೆ ಆದ್ರೆ ತಿಳಿಯಕಿಲ್ಲ, ಹಂಗೆ...” ಎಂದು ಶುರುಮಾಡಿದರು.

“ಕಿವಿ ಮಂದ ಆಗಿದೆಯಾ?”

“ಕಿವಿ ಚೆಂದಾಗದೆ.”

“ಮತ್ತೆ ಕತೆ ಬೇಡಮ್ಮ. ಎಲ್ಲಿ ನೋವು, ಅದು ಹೇಳಿ.”

“ಎಲ್ಲೂ ನೋವಿಲ್ಲ.”

ಡಾಕ್ಟರು ನನ್ನ ಮುಖ ನೋಡಿದರು. ಕಣ್ಣಿನ ರೆಪ್ಪೆ ಎಳೆದು, ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಟಾನಿಕ್ಕು ಕಪ್ಪಗೆ, ಕಬ್ಬಿಣದ ವಾಸನೆ ಬರುತ್ತಿತ್ತು. ಅತ್ತೆ ತಪ್ಪದೆ ಕುಡಿದರು. ಅಜ್ಜಿ ತಮ್ಮ ಪಾಲಿನ ವೈದ್ಯವನ್ನೂ ಬಿಡಲಿಲ್ಲ. ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಒಂದು ಶುಕ್ರವಾರ ತಾಯಿಮಗು ಇಬ್ಬರನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋದರು. ಗರ್ಭಗುಡಿಯ ಎದುರು ಅತ್ತೆ ಕೈ ಮುಗಿದು ಬಹಳ ಹೊತ್ತು ನಿಂತಿದ್ದರು. “ಏನು ಕೇಳ್ಕಂಡೆ ಕೂಸೇ?” ಎಂದು ಅಜ್ಜಿ ಹೊರಗೆ ಬಂದ ಮೇಲೆ ಕೇಳಿದರು. “ಏನೂ ಕೇಳಕ್ಕೆ ತಿಳೀನಿಲ್ಲ ಅತ್ತೆ. ಸುಮ್ನೆ ನಿಂತಿದ್ದೆ.” ಅಜ್ಜಿ ಅದನ್ನು ಭಕ್ತಿ ಎಂದುಕೊಂಡು, “ಅವಳಿಗೆ ಎಲ್ಲ ಗೊತ್ತು, ಕೇಳದೇನು ಬಂತು” ಅಂದರು.

ಬೆಟ್ಟದಿಂದ ಬಂದು ಕೆಲವು ದಿನಗಳಾಗಿದ್ದವು. ಬೆಳಗಿನ ಹೊತ್ತು. ಮಾವ ಕೋಟು ಹಾಕಿಕೊಂಡು ಸ್ಕೂಲಿಗೆ ಹೊರಟಿದ್ದರು. ಅಜ್ಜಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ಮುಂದಿನ ಮನೆಯಮ್ಮ ಹೆಪ್ಪಿಗೆಂದು ಒಂದು ಚಮಚ ಮೊಸರು ಕೇಳಲು ಬಂದು ಬಾಗಿಲಲ್ಲಿದ್ದರು. ಅತ್ತೆ ಕಾಫಿಯ ಲೋಟ ಗಂಡನ ಕೈಗೆ ಕೊಟ್ಟು, ಏನೂ ವಿಶೇಷವಿಲ್ಲ ಎಂಬಂತೆ ಹೇಳಿದರು.

“ನಂಗೆ ಬದುಕಿರಕ್ಕೆ ಇಷ್ಟ ಇಲ್ಲ ಕಣ್ರೀ.”

ಅದರಲ್ಲಿ ಹಂಗೆಯೂ ಇರಲಿಲ್ಲ, ಹಿಂಗೆಯೂ ಇರಲಿಲ್ಲ. ಅಜ್ಜಿಯ ಕೈಯಿಂದ ಎಣ್ಣೆಯ ಬಟ್ಟಲು ಜಾರಿತು. “ಬುಡ್ತು ಅನ್ನು. ಮೊದ್ಲು ಬುಡ್ತು ಅನ್ನು” ಎಂದರು. “ಶುಕ್ರವಾರ ಮುತ್ತೈದೆ ಬಾಯಲ್ಲಿ ಎಂಥ ಮಾತು, ಬಿಡ್ತು ಅನ್ನೇ” ಎಂದರು ಮುಂದಿನ ಮನೆಯಮ್ಮ. ಮಾವ ಬೆಳ್ಳಗಾಗಿಹೋಗಿದ್ದರು. ಅವರೂ ಅದನ್ನೇ ಹೇಳಿದರು. “ಹಾಗೆಲ್ಲ ಅನ್ನಬಾರದು ದೇವೀರಿ. ಬಿಡ್ತು ಅನ್ನು.”

ನಮ್ಮ ಜನಕ್ಕೆ ಈ ‘ಬಿಡ್ತು’ ಒಂದು ದೊಡ್ಡ ಮಂತ್ರ. ಕೆಟ್ಟ ಮಾತು ಬಾಯಿಂದ ಬಿತ್ತೋ, ಬಿಡ್ತು ಅಂದರೆ ಮುಗಿಯಿತು, ಆಡಿದ್ದು ಆಡಲಿಲ್ಲವೆಂದೇ ಲೆಕ್ಕ. ಸ್ಲೇಟಿನ ಮೇಲೆ ಬರೆದದ್ದನ್ನು ಉಗುಳು ಹಚ್ಚಿ ಒರೆಸಿದಷ್ಟು ಸುಲಭ. ನಾನು ಚಿಕ್ಕವಳಿದ್ದಾಗ ಲೆಕ್ಕದ ಮೇಷ್ಟ್ರು ಸತ್ತುಹೋಗಲಿ ಅಂದದ್ದಕ್ಕೆ ಅಮ್ಮ ಬೆನ್ನಿಗೊಂದು ಗುದ್ದಿ ಬಿಡ್ತು ಅನ್ನಿಸಿದ್ದಳು. ಮೇಷ್ಟ್ರು ಗಟ್ಟಿಮುಟ್ಟಾಗಿ ಉಳಿದರು, ನನಗೆ ಲೆಕ್ಕ ಬರಲೂ ಇಲ್ಲ. ಅತ್ತೆ ಆ ಬೆಳಿಗ್ಗೆ ಸುತ್ತ ನಿಂತ ಎಲ್ಲರನ್ನೂ ನೋಡಿದರು. ಹೋಲಿಸಿ ಹೇಳಿದರೆ ನಗುತ್ತಾರೆ, ನೇರವಾಗಿ ಹೇಳಿದರೆ ವಾಪಸು ತಗೋ ಅನ್ನುತ್ತಾರೆ. “ಬುಡ್ತು” ಅಂದರು ಅತ್ತೆ. ಅಜ್ಜಿ ನಿಟ್ಟುಸಿರು ಬಿಟ್ಟರು. ಮಾವ ಕಾಫಿ ಕುಡಿದು ಹೋದರು. ಮುಂದಿನ ಮನೆಯಮ್ಮ ಮೊಸರು ತೆಗೆದುಕೊಂಡು ಹೋದರು.

ಆಮೇಲೆ ಅತ್ತೆ ಏನೂ ಹೇಳಲಿಲ್ಲ. ಮನೆಗೆಲಸ ಹೆಚ್ಚು ಹಚ್ಚಿಕೊಂಡರು. ತಲೆ ಬಾಚಿ ಹೂ ಮುಡಿಯತೊಡಗಿದರು. ಟಾನಿಕ್ಕು ನಾಟಿತು ಎಂದು ನಾವು ಸಂತೋಷಪಟ್ಟೆವು.

ಮಗುವಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಬೇಕಾಗಿತ್ತು. ಅದಕ್ಕೆ ಗೊತ್ತುಮಾಡಿದ್ದ ದಿನ ಅಜ್ಜಿಗೆ ಚಳಿಜ್ವರ. ನಾನು ಕಾಲೇಜಿಗೆ ಹೊರಟಿದ್ದೆ, ಮಾವ ಆಗಲೇ ಸ್ಕೂಲಿಗೆ ಹೋಗಿದ್ದರು. “ನಾನೇ ಹೋಗ್ಬತ್ತೀನಿ” ಎಂದರು ಅತ್ತೆ. ತಾವಾಗಿ ಒಂದು ಕೆಲಸ ಮಾಡುತ್ತೇನೆಂದು ಅವರು ಹೇಳಿದ್ದು ಎಷ್ಟೋ ಕಾಲದ ಮೇಲೆ. ಅಜ್ಜಿ ಮಲಗಿದಲ್ಲಿಂದಲೇ ದೇವರಿಗೆ ಕೈ ಮುಗಿದರು.

ಸಂಜೆ ನಾನು ಕಾಲೇಜಿನಿಂದ ಬಂದು ಗೇಟು ತೆಗೆಯುವಾಗ ಅತ್ತೆ ಬೀದಿಯ ಆ ತುದಿಯಿಂದ ಬರುತ್ತಿದ್ದರು. ಕೈ ಬೀಸಿಕೊಂಡು ಬರುತ್ತಿದ್ದರು. ಬಂದವರೇ ಹಿತ್ತಲಿಗೆ ಹೋಗಿ ಕಾಲು ತೊಳೆದು, ಅಡುಗೆಮನೆಗೆ ಹೋಗಿ ಒಲೆಗೆ ಸೌದೆ ಇಟ್ಟರು.

“ಕೂಸೆಲ್ಲವ್ವ?” ಎಂದು ಅಜ್ಜಿ ಹಾಸಿಗೆಯಿಂದ ಕೂಗಿದರು.

“ಕೊಟ್ಬುಟ್ಟೆ.”

“ಯಾರಿಗೆ ಕೊಟ್ಟೆ?”

“ಬಸ್ಸಲ್ಲಿ ಪಕ್ಕದಲ್ಲಿ ಒಬ್ರು ಕುಂತಿದ್ರು. ಒಸಿ ಹಿಡ್ಕೊಳವ್ವ ಅಂದೆ, ಹಿಡ್ಕಂಡ್ರು. ಇಳ್ಕಂಡೆ.” ಊದುಗೊಳವೆ ಕೈಗೆ ತೆಗೆದುಕೊಂಡು ಒಲೆ ಊದಿದರು. ಉರಿ ಹತ್ತಿತು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ನಿದ್ದೆ ಮಾಡಿ ಎದ್ದವರ ನೆಮ್ಮದಿ ಇತ್ತು. ನಾನು ಇವತ್ತಿಗೂ ಹೆದರುವುದು ಆ ನೆಮ್ಮದಿಗೆ.

ನಾನು ಮಾವನ ಸ್ಕೂಲಿಗೆ ಓಡಿದೆ. ಅವರಿಗೆ ನಾನು ಏನು ಹೇಳಿದೆನೋ, ಅವರಿಗೆ ಏನು ಅರ್ಥವಾಯಿತೋ. ಯಾರದೋ ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು, ಕಚ್ಚೆ ಪಂಚೆ ಚೈನಿಗೆ ಸಿಕ್ಕಿ ಹರಿಯುತ್ತಿದ್ದರೂ ನಿಲ್ಲಿಸದೆ, ಬಸ್ ಸ್ಟಾಂಡಿಗೆ ತುಳಿದರು. ಅಲ್ಲಿ ಬಸ್ಸುಗಳ ಹೊತ್ತು ಬರೆದುಕೊಳ್ಳುವವನ ಕೋಣೆಯ ಮುಂದೆ ಸಣ್ಣ ಗುಂಪು. ಬೆಂಚಿನ ಮೇಲೆ ಒಬ್ಬ ನಡುವಯಸ್ಸಿನ ಹೆಂಗಸು, ಕಾಲ ಹತ್ತಿರ ತರಕಾರಿ ಚೀಲ, ತೊಡೆಯ ಮೇಲೆ ಗೌರಿ. ಮಗು ಅತ್ತು ಅತ್ತು ನಿದ್ದೆ ಹೋಗಿತ್ತು. ತೋಳಿನಲ್ಲಿ ಚುಚ್ಚುಮದ್ದಿನ ಗಾಯ ಹಸಿಯಾಗಿತ್ತು.

ಮಾವ ಕೈ ಚಾಚಿದ ಕೂಡಲೇ ಆಕೆ ಹರಿಹಾಯ್ದರು. “ಎಂಥಾ ಜನ ರೀ ನೀವು. ಈಗ ಬಂದೆ ಅಂತ ಕೊಟ್ಟು ಇಳಿದುಹೋದರೆ ನಾನು ಏನು ತಿಳೀಬೇಕು? ನನ್ನ ಮನೇಲಿ ಮಕ್ಕಳು ಬಾಗಿಲಲ್ಲಿ ಕಾಯ್ತಿರ್ತವೆ. ಇದನ್ನ ಬಿಟ್ಟು ಏಳೋ ಹಾಗಿಲ್ಲ, ಎತ್ತಿಕೊಂಡು ಹೋಗೋ ಹಾಗಿಲ್ಲ. ನನ್ನದಲ್ಲದ ಮಗು ಹಿಡ್ಕೊಂಡು ಎಷ್ಟು ಹೊತ್ತು ಅಂತ ಕೂತಿರಲಿ? ಜೀವ ಹೋದ ಹಾಗಾಗಿದೆ ನನಗೆ.” ಹೇಳುತ್ತಾ ಹೇಳುತ್ತಾ ಆಕೆಗೆ ಅಳುವೇ ಬಂತು.

ಮಾವ ಮಗುವನ್ನು ತೆಗೆದುಕೊಂಡರು. ಆಕೆಗೆ ಕೈ ಮುಗಿಯಬೇಕೆಂದು ಹೋದರು, ಮಗುವಿದ್ದುದರಿಂದ ಆಗಲಿಲ್ಲ. ಆ ಬೆಂಚಿನ ಮೇಲೆ, ಆಕೆ ಎದ್ದ ಜಾಗದಲ್ಲೇ, ಕೂತುಬಿಟ್ಟರು. ಜನ ಚದುರಿದರು. ಒಂದೆರಡು ಬಸ್ಸು ಬಂದು ಹೋದವು.

“ಶಾಂತಾ,” ಎಂದರು, “ಅವಳು ಇದನ್ನ ಹೇಳಿದ್ದಳು.”

ನಾನು ಹೂಂ ಅಂದೆ.

“ಎಲ್ಲಾನೂ ಹೇಳಿದ್ದಳು ಕಣಮ್ಮ. ಒಂದಕ್ಷರ ಬಿಡದ ಹಾಗೆ.”

ಆಮೇಲೆ ಬೀದಿಗೆ ಒಂದು ಮಾತು ಸಿಕ್ಕಿತು. ಬಾಣಂತಿ ಸನ್ನಿ. ಇಷ್ಟು ದಿನ ಇಲ್ಲದ ಹೆಸರು ಸಿಕ್ಕಿದ ಕೂಡಲೇ ಎಲ್ಲರಿಗೂ ಸಮಾಧಾನವಾಯಿತು. ಮೊರ ಹಿಡಿದು ಹಿತ್ತಲಿಗೆ ಬರುವುದನ್ನು ಹೆಂಗಸರು ನಿಲ್ಲಿಸಿದರು. ಬಸ್ಸಿನ ಮಗು ಎಂದು ಯಾರೂ ಅನ್ನಲಿಲ್ಲ. ಮಾವ ರಜ ಹಾಕಿ ಅತ್ತೆಯನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ ಬಂದರು. ಅಲ್ಲಿಯವರು ಚೆನ್ನಾಗಿಯೇ ನೋಡಿಕೊಂಡರು, ತಮಗೆ ತಿಳಿದದ್ದನ್ನು ಮಾಡಿದರು. ಇಲ್ಲಿ ಗೌರಿ ಅಜ್ಜಿಯ ಕೈಯಲ್ಲಿ ಹಸುವಿನ ಹಾಲು ಕುಡಿದು, ಮಗುಚಿಕೊಂಡು, ಅಂಬೆಗಾಲಿಟ್ಟು, ಗೋಡೆ ಹಿಡಿದು ನಿಂತಿತು. ಮಾವ ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುವರು. ಹೇಗಿದ್ದಾಳೆ ಎಂದು ಅಜ್ಜಿ ಕೇಳಿದರೆ “ಇದ್ದಾಳೆ” ಎನ್ನುವರು.

ಅತ್ತೆ ಗುಣವಾಗಿ ಬಂದರು. ಇದು ಮೆಚ್ಚಲೇಬೇಕಾದ ಮಾತು, ಏಕೆಂದರೆ ಹೋದವರೆಲ್ಲ ಹಾಗೆ ಬರುತ್ತಿರಲಿಲ್ಲ. ಬಂದು ಮಗುವನ್ನು ಎತ್ತಿಕೊಂಡರು, ಅಡುಗೆ ಮಾಡಿದರು, ಹಬ್ಬಕ್ಕೆ ಕಜ್ಜಾಯ ಸುಟ್ಟರು. ಗೌರಿಗೆ ಜಡೆ ಹಾಕುವಾಗ ಅವರ ಕೈ ಎಷ್ಟು ಮೃದುವಾಗಿರುತ್ತಿತ್ತೆಂದರೆ ಮಗು ಅಲ್ಲೇ ತೂಕಡಿಸುತ್ತಿತ್ತು. ಯಾರಾದರೂ ಬಂದು ಮಾತಾಡಿಸಿದರೆ, “ಚೆಂದಾಗಿವ್ನಿ, ನೀವು?” ಎಂದು ಕೇಳುವರು. ‘ಹಂಗೆ’ ಎಂಬ ಮಾತು ಮಾತ್ರ ಅವರ ಬಾಯಿಂದ ಹೋಗಿಬಿಟ್ಟಿತ್ತು.

ಅದನ್ನು ಗಮನಿಸಿದವರು ಮಾವ ಒಬ್ಬರೇ ಇರಬೇಕು. ಅವರು ಸುಮ್ಮನಿರದೆ ಗಾಳ ಹಾಕುತ್ತಿದ್ದರು. ಸಂಜೆ ಮಲ್ಲಿಗೆ ತಂದು ಕೊಟ್ಟು, “ಇವತ್ತಿನ ಹೂ ಹೇಗಿದೆ ದೇವೀರಿ?” ಎಂದು ಕೇಳಿದರು. ಅತ್ತೆ ಬಿಚ್ಚಿ ನೋಡಿ, “ಮಲ್ಲಿಗೆ ಇದ್ದಂಗದೆ” ಎಂದು ತಲೆಗೆ ಮುಡಿದುಕೊಂಡರು. ಇನ್ನೊಂದು ದಿನ, “ಸಾರು ಹೇಗಿದೆ ಅಂತ ನೀನೇ ಹೇಳು, ನೋಡೋಣ.” “ಉಪ್ಪು ಹಿಡಿದದೆ.” ಒಂದು ವಸ್ತುವನ್ನು ಅದಕ್ಕೇ ಹೋಲಿಸಿದರೆ ಅನನ್ವಯ ಎಂದು ಅಲಂಕಾರಶಾಸ್ತ್ರದಲ್ಲಿ ಹೆಸರು, ಸಾಟಿಯೇ ಇಲ್ಲದ್ದನ್ನು ಹೊಗಳಲು ಕವಿಗಳು ಬಳಸುವ ಅಲಂಕಾರ ಅದು. ಮಾವ ಆ ಪಾಠ ಹೇಳಿಕೊಡುವುದನ್ನು ನಾನು ಮತ್ತೆ ಕೇಳಲಿಲ್ಲ. ಕೆಲವು ದಿನಗಳಲ್ಲಿ ಜಗುಲಿಯ ಮನೆಪಾಠವನ್ನೂ ಬಿಟ್ಟರು. ಮುಂದಿನ ಮನೆಯಮ್ಮ ಕೇಳಿದ್ದಕ್ಕೆ ಗಂಟಲು ಸರಿಯಿಲ್ಲ ಎಂದರು.

ನಾನು ಓದು ಮುಗಿಸಿ, ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿ, ರಜ ಬಂದಾಗ ಸರಸ್ವತಿಪುರಂಗೆ ಬಂದು ಹೋಗುತ್ತಿದ್ದೆ. ಅಷ್ಟರಲ್ಲಿ ಖಾಲಿ ಸೈಟುಗಳೆಲ್ಲ ಮನೆಗಳಾಗಿದ್ದವು, ಹಿತ್ತಲಿನಿಂದ ಬೆಟ್ಟ ಅರ್ಧವೇ ಕಾಣುತ್ತಿತ್ತು. ಅಜ್ಜಿ ತೀರಿಕೊಂಡಿದ್ದರು. ಗೌರಿ ಮಿಡ್ಲ್ ಸ್ಕೂಲಿಗೆ ಬಂದಿದ್ದಳು, ಅಪ್ಪನ ಮೂಗು, ಅಮ್ಮನ ಹಣೆ. ಅವಳಿಗೆ ಗೊತ್ತಿದ್ದ ಅಮ್ಮ ಮಾತು ಕಡಿಮೆ ಆಡುವ ಅಮ್ಮ. ಬೇರೆ ಒಬ್ಬ ಅಮ್ಮ ಇದ್ದಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವರೆಕಾಯಿ ಕಾಲ. ಇಳಿಮಧ್ಯಾಹ್ನ ಅತ್ತೆ, ನಾನು ಹಿತ್ತಲ ಬಿಸಿಲಿಗೆ ಬೆನ್ನುಕೊಟ್ಟು ಕಾಯಿ ಸುಲಿಯುತ್ತಿದ್ದೆವು. ಮಾವ ಒಳಗೆ ಮಲಗಿದ್ದರು. ಗೌರಿ ಪಕ್ಕದ ಮನೆಗೆ ಆಡಲು ಹೋಗಿದ್ದಳು. ಅತ್ತೆಯ ಕೂದಲು ಕಿವಿಯ ಹತ್ತಿರ ನರೆತಿತ್ತು. ಮುಖ ಶಾಂತವಾಗಿತ್ತು. ಏನನ್ನಿಸಿತೋ ನನಗೆ, ವರ್ಷಗಟ್ಟಲೆ ಕೇಳದೆ ಇಟ್ಟುಕೊಂಡದ್ದನ್ನು ಕೇಳಿದೆ.

“ಅತ್ತೆ, ಈಗ ಹೇಗಿದೆ ಒಳಗೆ? ಹೋಯಿತಾ ಅದು?”

ಅವರು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಈಚೆಗೆ ಎಸೆದರು. ಬಾಯಿ ಸ್ವಲ್ಪ ತೆರೆಯಿತು. ಕಣ್ಣು ನನ್ನನ್ನು ಬಿಟ್ಟು ಎಲ್ಲೋ ದೂರಕ್ಕೆ ಹೋಯಿತು, ಹಿಂದಿನ ಕಾಲದಲ್ಲಿ ಮಾತು ಬರುವ ಮುಂಚೆ ಹೋಗುತ್ತಿತ್ತಲ್ಲ, ಆ ಕಡೆಗೇ. ನಾನು ಸುಲಿಯುವುದನ್ನು ನಿಲ್ಲಿಸಿ ಕಾದೆ. ಬರುತ್ತಿದೆ, ಬಂತು ಎಂದೇ ಅನ್ನಿಸಿತು. ಆಮೇಲೆ ಅವರು ಬಾಯಿ ಮುಚ್ಚಿಕೊಂಡರು. ಇನ್ನೊಂದು ಕಾಯಿ ಎತ್ತಿಕೊಂಡರು.

“ಬ್ಯಾಡ ಬುಡವ್ವ” ಅಂದರು. “ಹೇಳುದ್ರೆ, ಎಷ್ಟು ಚೆಂದಾಗಿ ಹೇಳ್ತೀಯ ಅಂತೀರಿ.”